ಮ್ಯಾನೇಜ್‌ಮೆಂಟ್ ಜೊತೆಗೆ ಸೃಜನಶೀಲ ನಾವೀನ್ಯತೆ: ಈ ಜೋಡಿ ಪದವಿ ಯಾರಿಗೆ, ಯಾವ ಬೆಲೆಗೆ?

ಪ್ರಶ್ನೆ:

"ನಾನು ಚಳ್ಳಕೆರೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದೇನೆ. ಹೊಳಲ್ಕೆರೆ ತಾಲ್ಲೂಕಿನಲ್ಲಿ ಮೂರು ಎಕರೆ ಅಡಿಕೆ ತೋಟವಿದೆ. ಮಗಳು ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದಾಳೆ. ಲೆಕ್ಕಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆಯುತ್ತಾಳೆ, ಚಿತ್ರವನ್ನೂ ಚೆನ್ನಾಗಿ ಬಿಡಿಸುತ್ತಾಳೆ; ಐದು ಚಿತ್ರಗಳ ಫೋಟೊ ಕಳಿಸಿದ್ದೇನೆ. ರಜೆಯಲ್ಲಿ ಊರಿಗೆ ಬಂದಾಗ ಗಲ್ಲಾದ ಪಕ್ಕ ಕೂತು, ಏನೂ ಕೊಳ್ಳದೆ ಹೋದ ಗಿರಾಕಿಗಳು ಏಕೆ ಹೋದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಅಭ್ಯಾಸವೂ ಅವಳಿಗಿದೆ. ಈಗ ಯೂನಿವರ್ಸಿಟಿ ಆಫ್ ಟೆಕ್ನಾಲಜಿ ಸಿಡ್ನಿಯಲ್ಲಿ ಮ್ಯಾನೇಜ್‌ಮೆಂಟ್ ಮತ್ತು 'ಕ್ರಿಯೇಟಿವ್ ಇಂಟೆಲಿಜೆನ್ಸ್ ಅಂಡ್ ಇನ್ನೋವೇಶನ್' ಎಂಬ ನಾಲ್ಕು ವರ್ಷದ ಜೋಡಿ ಪದವಿಗೆ ಸೇರಬೇಕು ಎನ್ನುತ್ತಿದ್ದಾಳೆ. ನನ್ನ ಭಾವಮೈದುನ, ಅಂದರೆ ಅವಳ ಸೋದರಮಾವ, 'ಲೆಕ್ಕ ಓದಲಿ, ಇಲ್ಲವೇ ಚಿತ್ರ ಕಲಿಯಲಿ, ಎರಡು ದೋಣಿಯ ಮೇಲೆ ಕಾಲಿಟ್ಟವರು ದಡ ಸೇರುವುದಿಲ್ಲ' ಎನ್ನುತ್ತಾನೆ. ಇದು ನಿಜವಾದ ಪದವಿಯೇ? ನಾಳೆ ಅವಳು ಕೆಎಎಸ್ ಅಥವಾ ಬ್ಯಾಂಕ್ ಪರೀಕ್ಷೆ ಬರೆಯಬೇಕೆಂದರೆ ನಡೆಯುತ್ತದೆಯೇ? ತೋಟದ ಮೇಲೆ ಸಾಲ ತೆಗೆಯಬಹುದೇ? ಇದನ್ನೇ ದಾವಣಗೆರೆಯಲ್ಲಿ ಬಿಬಿಎ ಮಾಡಿ ಪಡೆಯಲಾಗದೇ?"

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ ಎಂದು ನನಗೆ ತೋರಿತು. ಏನನ್ನು ಕಲಿಸುತ್ತಾರೆಂದು ಹೆಸರು ಕೇಳಿದರೆ ತಿಳಿಯದ ಒಂದು ಓದಿಗೆ, ಎರಡು ತಲೆಮಾರು ಕಷ್ಟಪಟ್ಟು ಉಳಿಸಿಕೊಂಡು ಬಂದ ಆಸ್ತಿಯನ್ನು ಪಣಕ್ಕಿಡಬಹುದೇ ಎಂಬುದು ಆ ಆತಂಕ. ದಾವಣಗೆರೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಪಾಠ ಹೇಳಿ, ಮುಂದಿನ ಓದಿನ ಬಗ್ಗೆ ಅವರ ತಂದೆತಾಯಂದಿರೊಂದಿಗೆ ಕೂತು ಲೆಕ್ಕ ಹಾಕಿದ ಅನುಭವದಿಂದ ಇದಕ್ಕೆ ಉತ್ತರಿಸುತ್ತೇನೆ. ಉತ್ತರ ಉದ್ದವಾಗಿದೆ, ದಯವಿಟ್ಟು ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಮೊದಲು ಪದವಿಯ ವಿಷಯ. ಇದು ನಿಜವಾದ ಪದವಿಯೇ ಹೌದು, ಅದರಲ್ಲಿ ಅನುಮಾನ ಬೇಡ. ಸಿಡ್ನಿಯ ಆ ವಿಶ್ವವಿದ್ಯಾಲಯ ಸರ್ಕಾರಿ ವಿಶ್ವವಿದ್ಯಾಲಯ. ಜೋಡಿಯ ಎರಡನೆಯ ಅರ್ಧವಾದ 'ಕ್ರಿಯೇಟಿವ್ ಇಂಟೆಲಿಜೆನ್ಸ್ ಅಂಡ್ ಇನ್ನೋವೇಶನ್', ಅಂದರೆ ಸೃಜನಶೀಲ ನಾವೀನ್ಯತೆಯ ಕೋರ್ಸು ಅಲ್ಲಿ 2014ರಲ್ಲಿ ಆರಂಭವಾಯಿತು. ಇದನ್ನು ಒಂಟಿಯಾಗಿ ಓದಲು ಬರುವುದಿಲ್ಲ, ಕಾನೂನು, ಎಂಜಿನಿಯರಿಂಗ್, ವಿಜ್ಞಾನ, ಬಿಸಿನೆಸ್, ಮ್ಯಾನೇಜ್‌ಮೆಂಟ್ ಮುಂತಾದ ಯಾವುದಾದರೂ ಒಂದು ಮುಖ್ಯ ಪದವಿಯ ಜೊತೆಗೇ ಓದಬೇಕು. ಮೊದಲ ಮೂರು ವರ್ಷ ಮುಖ್ಯ ಪದವಿಯ ಪಾಠ ಮಾಮೂಲಿನಂತೆ ನಡೆಯುತ್ತದೆ. ನಾವೀನ್ಯತೆಯ ಪಾಠಗಳು ಜುಲೈ ತಿಂಗಳಲ್ಲಿ ಮತ್ತು ಬೇಸಿಗೆ ರಜೆಯಲ್ಲಿ, ಅಂದರೆ ಉಳಿದ ವಿದ್ಯಾರ್ಥಿಗಳು ಬಿಡುವಾಗಿರುವ ಹೊತ್ತಿನಲ್ಲಿ, ಒತ್ತೊತ್ತಾಗಿ ನಡೆಯುತ್ತವೆ. ನಾಲ್ಕನೆಯ ವರ್ಷ ಪೂರ್ತಿ ನಾವೀನ್ಯತೆಗೇ ಮೀಸಲು. ಆಸ್ಟ್ರೇಲಿಯಾದ ಬೇಸಿಗೆ ನಮ್ಮ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಎಂಬುದನ್ನು ಮರೆಯಬಾರದು. ರಜೆಯಲ್ಲಿ ಪಾಠ ನಡೆಯುವ ಈ ಸಂಗತಿ ಹಣದ ಲೆಕ್ಕದಲ್ಲಿ ಮತ್ತೆ ಬರಲಿದೆ.

ಅಲ್ಲಿ ಕಲಿಸುವುದೇನು? ಒಂದು ಸಮಸ್ಯೆಯನ್ನು ಮೊದಲು ಸರಿಯಾಗಿ ಗುರುತಿಸುವುದು, ಅದು ಯಾವ ಯಾವುದರೊಂದಿಗೆ ಹೆಣೆದುಕೊಂಡಿದೆ ಎಂದು ನೋಡುವುದು, ಬೇರೆ ಬೇರೆ ಶಾಸ್ತ್ರಗಳ ವಿಧಾನಗಳನ್ನು ತಂದು ಪ್ರಯೋಗಿಸುವುದು, ಮುಂದೆ ಏನೇನು ಆಗಬಹುದು ಎಂಬ ಹಲವು ಸಾಧ್ಯತೆಗಳನ್ನು ಕಲ್ಪಿಸಿಕೊಳ್ಳುವುದು, ಕೊನೆಗೆ ಒಂದು ಕಂಪನಿಯೋ ಸಂಸ್ಥೆಯೋ ತಂದೊಡ್ಡಿದ ನಿಜವಾದ ಸವಾಲಿನ ಮೇಲೆ ತಂಡದಲ್ಲಿ ಕೆಲಸ ಮಾಡುವುದು. ಹೀಗೆ ಬರೆದರೆ ಗಾಳಿಯಲ್ಲಿ ಗೋಪುರ ಕಟ್ಟಿದಂತೆ ಕೇಳಿಸುತ್ತದೆ ಎಂಬುದು ನನಗೂ ಗೊತ್ತು. ಆದ್ದರಿಂದ ನಮ್ಮೂರಿನಲ್ಲೇ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಬಿಬಿಎ ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಗೆ ಕಳಿಸಿ, ವ್ಯಾಪಾರ ಹೆಚ್ಚಿಸಲು ಏನು ಮಾಡಬಹುದೆಂದು ವರದಿ ಬರೆಯಲು ಹೇಳಿದ್ದೆ. ಮೊದಲನೆಯವನು ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಸಿದ. ಚಂದದ ಪ್ಯಾಕೆಟ್, ಅದಕ್ಕೊಂದು ಲೋಗೊ, ಆನ್‌ಲೈನ್ ಮಾರಾಟ, ಇಷ್ಟು ಅವನ ವರದಿ. ಎರಡನೆಯವಳು ನಾಲ್ಕು ದಿನ ಹೋಗಿ ಕೂತಳು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪು ನೀರು ಬೆರೆಸಿ, ಕಾದ ಮರಳಿನಲ್ಲಿ ಹುರಿಯುವವರೆಗೆ ಪ್ರತಿ ಹಂತವನ್ನೂ ನೋಡಿದಳು. ಮಾಲೀಕರಿಗೆ ಗಿರಾಕಿಗಳ ಕೊರತೆಯೇ ಇರಲಿಲ್ಲ. ಅವರ ನಿದ್ದೆ ಕೆಡಿಸಿದ್ದು ಮಳೆಗಾಲ. ಬೇಯಿಸಿದ ಭತ್ತ ಒಣಗದೆ ವಾರಗಟ್ಟಲೆ ಭಟ್ಟಿ ಆರಿರುತ್ತಿತ್ತು, ಆ ದಿನಗಳ ಕೂಲಿಗೆ ಅವರು ಕೈಸಾಲ ಮಾಡುತ್ತಿದ್ದರು. ಹಾಗಾದರೆ ಪ್ರಶ್ನೆ ಮಾರಾಟದ್ದಲ್ಲ, ಒಣಗಿಸುವುದರದ್ದು ಮತ್ತು ಮೂರು ತಿಂಗಳ ದುಡಿಯುವ ಬಂಡವಾಳದ್ದು. ನಾಲ್ಕೈದು ಭಟ್ಟಿಗಳು ಸೇರಿ ಒಂದು ಒಣಗಿಸುವ ವ್ಯವಸ್ಥೆ ಮಾಡಿಕೊಂಡರೆ ಚೀಲವೊಂದಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂದು ಆಕೆ ಲೆಕ್ಕ ಹಾಕಿ ತೋರಿಸಿದಳು.

ಕೇಳಿದ ಪ್ರಶ್ನೆಯನ್ನು ಬದಿಗಿಟ್ಟು ಇರುವ ಪ್ರಶ್ನೆಯನ್ನು ಹುಡುಕಿದ ಆ ಕೆಲಸಕ್ಕೇ ಸಿಡ್ನಿಯವರು 'ಕ್ರಿಯೇಟಿವ್ ಇಂಟೆಲಿಜೆನ್ಸ್' ಎಂದು ಹೆಸರಿಟ್ಟಿದ್ದಾರೆ. ಚೀಲದ ಖರ್ಚನ್ನು ಲೆಕ್ಕ ಹಾಕಿದ್ದು ಮ್ಯಾನೇಜ್‌ಮೆಂಟ್. ಎರಡರಲ್ಲಿ ಯಾವುದೊಂದು ಇಲ್ಲದಿದ್ದರೂ ಆ ವರದಿ ಮಾಲೀಕರ ಕೈಗೆ ಬಂದ ಇನ್ನೊಂದು ಕಾಗದವಾಗಿ ಉಳಿಯುತ್ತಿತ್ತು.

ಇಲ್ಲಿಂದ ನಿಮ್ಮ ಭಾವಮೈದುನರ ಮಾತಿಗೆ ಬರುತ್ತೇನೆ. ಅವರ ಎಚ್ಚರಿಕೆಯಲ್ಲಿ ಹುರುಳಿದೆ, ಆದರೆ ಅವರು ತೋರಿಸುತ್ತಿರುವ ಎರಡು ದೋಣಿಗಳು ಇಲ್ಲಿ ಇಲ್ಲ. ಸೃಜನಶೀಲತೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಚಿತ್ರಕಲೆ, ಸಂಗೀತ, ನಾಟಕ ನೆನಪಾಗುವುದು ಸಹಜ. ಈ ಪದವಿಯಲ್ಲಿ ಚಿತ್ರ ಬಿಡಿಸುವುದನ್ನು ಕಲಿಸುವುದಿಲ್ಲ. ಆಲೋಚನೆಯನ್ನು ರೇಖೆಯಲ್ಲಿ ಇಳಿಸಲು ಬರುವವರಿಗೆ ಒಂದಿಷ್ಟು ಅನುಕೂಲ ಇರಬಹುದು, ಅಷ್ಟೇ. ನಿಮ್ಮ ಮಗಳ ಆಸೆ ನಿಜವಾಗಿ ಚಿತ್ರಕಲೆಯ ಮೇಲಿದ್ದು, ಮನೆಯವರನ್ನು ಒಪ್ಪಿಸಲು ಮ್ಯಾನೇಜ್‌ಮೆಂಟ್ ಎಂಬ ಪದವನ್ನು ಮುಂದೆ ಇಟ್ಟುಕೊಂಡಿದ್ದರೆ, ಈ ಪದವಿ ಆಕೆಗೆ ಎರಡೇ ತಿಂಗಳಲ್ಲಿ ಬೇಸರ ತರಿಸುತ್ತದೆ. ಇದನ್ನು ನೀವು ಆಕೆಯನ್ನು ಗದರಿಸದೆ, ನೇರವಾಗಿ ಕೇಳಿ ತಿಳಿದುಕೊಳ್ಳಬೇಕು.

ಎರಡನೆಯ ತಪ್ಪು ಕಲ್ಪನೆ ಇದಕ್ಕೆ ವಿರುದ್ಧವಾದದ್ದು, ಸಾಮಾನ್ಯವಾಗಿ ಮಕ್ಕಳಲ್ಲೇ ಇರುತ್ತದೆ. ನಾಲ್ಕು ವರ್ಷದಲ್ಲಿ ಎರಡು ಪದವಿ ಸಿಕ್ಕರೆ ಕೆಲಸದ ಬಾಗಿಲುಗಳೂ ಎರಡು ಪಟ್ಟಾಗುತ್ತವೆ ಎಂದು ಅವರು ನಂಬಿರುತ್ತಾರೆ. ಹಾಗೆ ಆಗುವುದಿಲ್ಲ. ಲೆಕ್ಕಪರಿಶೋಧಕ, ವಕೀಲ, ನರ್ಸ್ ಎಂಬ ಹುದ್ದೆಗಳಿರುವಂತೆ 'ನಾವೀನ್ಯತಾಕಾರ' ಎಂಬ ಹುದ್ದೆಗೆ ಪತ್ರಿಕೆಯಲ್ಲಿ ಜಾಹೀರಾತು ಬರುವುದಿಲ್ಲ. ಕೆಲಸಕ್ಕೆ ತೆಗೆದುಕೊಳ್ಳುವವರು ಮೊದಲು ನೋಡುವುದು ಮುಖ್ಯ ಪದವಿಯನ್ನು ಮತ್ತು ವಿದ್ಯಾರ್ಥಿ ಮಾಡಿ ತೋರಿಸಿದ ಕೆಲಸವನ್ನು. ನಾವೀನ್ಯತೆಯ ಅರ್ಧ ಒಂದು ಕೆಲಸದ ರೀತಿ. ಅದು ನಿಲ್ಲಲು ಒಂದು ಕ್ಷೇತ್ರ ಬೇಕೇ ಬೇಕು. ಜವಳಿಯೋ, ಆಹಾರವೋ, ಆಸ್ಪತ್ರೆಯೋ, ಕೃಷಿ ಮಾರುಕಟ್ಟೆಯೋ, ಯಾವುದಾದರೂ ಸರಿ, ಒಂದನ್ನು ಒಳಹೊಕ್ಕು ಬಲ್ಲವರಿಗೆ ಈ ಓದು ಬಲ ಕೊಡುತ್ತದೆ. ಏನು ಓದಬೇಕೆಂದು ತೀರ್ಮಾನಿಸಲಾಗದೆ, ಎರಡೂ ಇರಲಿ ಎಂದು ಸೇರಿದವರು ನಾಲ್ಕು ವರ್ಷದ ನಂತರವೂ ಅದೇ ಗೊಂದಲದಲ್ಲಿ ಹೊರಬಂದದ್ದನ್ನು ನಾನು ನೋಡಿದ್ದೇನೆ. ನಿಮ್ಮ ಭಾವಮೈದುನರ ಮಾತು ಸರಿಯಾಗುವುದು ಅಂಥವರ ವಿಷಯದಲ್ಲಿ.

ಮುಖ್ಯ ಪದವಿಯಲ್ಲೂ ಒಂದು ಸೂಕ್ಷ್ಮವಿದೆ. ಆ ವಿಶ್ವವಿದ್ಯಾಲಯದಲ್ಲಿ 'ಮ್ಯಾನೇಜ್‌ಮೆಂಟ್' ಪದವಿ ಬೇರೆ, 'ಬಿಸಿನೆಸ್' ಪದವಿ ಬೇರೆ. ಮೊದಲನೆಯದು ಕ್ರೀಡೆ, ಪ್ರವಾಸೋದ್ಯಮ, ಸಮಾರಂಭಗಳ ಆಯೋಜನೆ ಮುಂತಾದ ಕ್ಷೇತ್ರಗಳ ನಿರ್ವಹಣೆಯತ್ತ ವಾಲಿದೆ. ಲೆಕ್ಕಶಾಸ್ತ್ರ, ಹಣಕಾಸು, ಮಾರುಕಟ್ಟೆಗಳನ್ನು ಆಳವಾಗಿ ಓದಬೇಕೆಂದರೆ ಎರಡನೆಯದು. ಲೆಕ್ಕಶಾಸ್ತ್ರದಲ್ಲಿ ಗಟ್ಟಿಯಾಗಿರುವ ನಿಮ್ಮ ಮಗಳು ಹೆಸರು ನೋಡಿ ಮೊದಲನೆಯದನ್ನು ಆರಿಸಿಕೊಂಡಿದ್ದಾಳೆಯೇ, ಒಳಗಿನ ವಿಷಯಪಟ್ಟಿ ನೋಡಿ ಆರಿಸಿಕೊಂಡಿದ್ದಾಳೆಯೇ ಎಂದು ವಿಚಾರಿಸಿ.

ಸರ್ಕಾರಿ ಪರೀಕ್ಷೆಗಳ ಬಗ್ಗೆ ಹೆಚ್ಚು ಚಿಂತಿಸಬೇಕಿಲ್ಲ. ಕೆಎಎಸ್‌ಗಾಗಲಿ ಬ್ಯಾಂಕ್ ಅಧಿಕಾರಿಗಳ ಸಾಮಾನ್ಯ ನೇಮಕಾತಿಗಾಗಲಿ ಇಂಥದ್ದೇ ವಿಷಯದ ಪದವಿ ಬೇಕೆಂದಿಲ್ಲ, ಮಾನ್ಯತೆ ಇರುವ ಪದವಿ ಸಾಕು. ವಿದೇಶಿ ಪದವಿಯಾದರೆ ಅದು ಭಾರತದ ಪದವಿಗೆ ಸಮಾನವೆಂಬ ಪ್ರಮಾಣಪತ್ರ ಪಡೆಯಬೇಕು. ಇದಕ್ಕಾಗಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2025ರಲ್ಲಿ ಪ್ರತ್ಯೇಕ ನಿಯಮಾವಳಿ ತಂದಿದೆ. ಫ್ರಾಂಚೈಸಿ ವ್ಯವಸ್ಥೆಯಲ್ಲಿ, ಅಂದರೆ ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬೇರೊಂದು ಸಂಸ್ಥೆ ಪಾಠ ನಡೆಸುವ ಏರ್ಪಾಡಿನಲ್ಲಿ, ಪಡೆದ ಪದವಿಗೆ ಅದರಲ್ಲಿ ಅವಕಾಶವಿಲ್ಲ. ಸಿಡ್ನಿಗೇ ಹೋಗಿ ತರಗತಿಯಲ್ಲಿ ಕೂತು ಓದಿದವರಿಗೆ ಅದು ಅಡ್ಡಿಯಾಗುವುದಿಲ್ಲ. ಆದರೂ ಮನಸ್ಸಿನ ಮೂಲೆಯಲ್ಲಿ ಕೆಎಎಸ್ ಇರುವ ಹುಡುಗಿಗೆ ಇಷ್ಟು ಖರ್ಚಿನ ಓದು ಅಗತ್ಯವಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈಗ ಹಣದ ಮಾತು. ಇದನ್ನು ನಿಧಾನವಾಗಿ ನೋಡೋಣ, ಏಕೆಂದರೆ ನನ್ನ ಬಳಿಗೆ ಬರುವ ಕುಟುಂಬಗಳಲ್ಲಿ ಹೆಚ್ಚಿನವು ತಪ್ಪುವುದು ಇಲ್ಲೇ.

ವಿದೇಶಿ ವಿದ್ಯಾರ್ಥಿಗಳಿಗೆ ಈ ಕೋರ್ಸಿನ ವಾರ್ಷಿಕ ಶುಲ್ಕ 40 ಸಾವಿರ ಆಸ್ಟ್ರೇಲಿಯನ್ ಡಾಲರ್ ದಾಟುತ್ತದೆ. ವೀಸಾ ಅರ್ಜಿಯಲ್ಲಿ ಮೊದಲ ವರ್ಷದ ಜೀವನ ವೆಚ್ಚಕ್ಕೆಂದು 29,710 ಡಾಲರ್ ತೋರಿಸಬೇಕೆಂದು ಅಲ್ಲಿನ ಸರ್ಕಾರ 2024ರ ಮೇ ತಿಂಗಳಲ್ಲಿ ನಿಗದಿ ಮಾಡಿತು. ಲೆಕ್ಕಕ್ಕೆ ಒಂದು ಡಾಲರಿಗೆ 55 ರೂಪಾಯಿ ಹಿಡಿಯೋಣ. ಶುಲ್ಕ ಒಂದು ಪೈಸೆಯೂ ಏರುವುದಿಲ್ಲ ಎಂದುಕೊಂಡರೂ ನಾಲ್ಕು ವರ್ಷಕ್ಕೆ 88 ಲಕ್ಷ. ಜೀವನ ವೆಚ್ಚ ಸುಮಾರು 65 ಲಕ್ಷ. ಒಟ್ಟು ಒಂದೂವರೆ ಕೋಟಿ. ವಿಮಾನ, ಆರೋಗ್ಯ ವಿಮೆ ಇದರಲ್ಲಿ ಸೇರಿಲ್ಲ. ವೀಸಾ ಅರ್ಜಿಯ ಶುಲ್ಕವೇ 2025ರ ಜುಲೈನಿಂದ 2,000 ಡಾಲರ್ ಆಗಿದೆ, ಅಂದರೆ ಒಂದು ಲಕ್ಷಕ್ಕೂ ಮೇಲೆ. ವೀಸಾ ತಿರಸ್ಕೃತವಾದರೆ ಅದು ವಾಪಸ್ ಬರುವುದಿಲ್ಲ.

ಸಾಲದ ಮಾತಿಗೆ ಬಂದರೆ, ತೋಟವನ್ನು ನೆಚ್ಚಿಕೊಳ್ಳಬೇಡಿ. ಏಳೂವರೆ ಲಕ್ಷಕ್ಕಿಂತ ಹೆಚ್ಚಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ, ಆದರೆ ಬಹುತೇಕ ಬ್ಯಾಂಕುಗಳು ಕೃಷಿ ಜಮೀನನ್ನು ಈ ಸಾಲಕ್ಕೆ ಒಪ್ಪುವುದಿಲ್ಲ. ಅವು ಕೇಳುವುದು ಮನೆ, ನಿವೇಶನ, ಅಂಗಡಿಯ ಕಟ್ಟಡ ಅಥವಾ ಠೇವಣಿ. ಹೀಗಾಗಿ ಒತ್ತೆ ಬೀಳುವುದು ನೀವು ಅಂದುಕೊಂಡ ತೋಟವಾಗಿರದೆ, ದಿನದ ಅನ್ನ ಕೊಡುವ ಅಂಗಡಿಯಾಗಿರಬಹುದು. ತೋಟವನ್ನು ಒಪ್ಪುತ್ತೇವೆ ಎನ್ನುವ ಖಾಸಗಿ ಲೇವಾದೇವಿಯವರ ಬಳಿಗೆ ದಯವಿಟ್ಟು ಹೋಗಬೇಡಿ. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯನ್ನು ಯಾರಾದರೂ ನಿಮಗೆ ಸೂಚಿಸಿದ್ದರೆ, ಅದು ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ ಎಂಬುದು ತಿಳಿದಿರಲಿ.

ಐವತ್ತು ಲಕ್ಷ ಸಾಲ ಸಿಕ್ಕಿತೆಂದೇ ಇಟ್ಟುಕೊಳ್ಳಿ. ವರ್ಷಕ್ಕೆ ಹನ್ನೆರಡೂವರೆ ಲಕ್ಷದಂತೆ ನಾಲ್ಕು ಕಂತಿನಲ್ಲಿ ಬಿಡುಗಡೆಯಾಗಿ, ಬಡ್ಡಿ ಶೇ 10 ಇದ್ದು, ಓದು ಮುಗಿದ ಒಂದು ವರ್ಷದ ನಂತರ ಮರುಪಾವತಿ ಆರಂಭವಾಗುತ್ತದೆ ಎಂದರೆ, ಆ ಹೊತ್ತಿಗೆ ಸರಳ ಬಡ್ಡಿಯೇ ಹದಿನೇಳೂವರೆ ಲಕ್ಷ ಸೇರಿ ಬಾಕಿ ಅರವತ್ತೇಳೂವರೆ ಲಕ್ಷವಾಗಿರುತ್ತದೆ. ಹದಿನೈದು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 72,500 ರೂಪಾಯಿ ಕಂತು. ಇದು ಒಟ್ಟು ಖರ್ಚಿನ ಮೂರನೇ ಒಂದು ಭಾಗಕ್ಕೆ ಮಾತ್ರ. ಉಳಿದ ಒಂದು ಕೋಟಿ ನಿಮ್ಮ ಕೈಯಿಂದಲೇ ಹೋಗಬೇಕು.

ಈ ಕಂತನ್ನು ಯಾವ ಸಂಬಳದೊಂದಿಗೆ ತೂಗಿ ನೋಡಬೇಕು? ಏಜೆಂಟರು ಸಿಡ್ನಿಯ ಸಂಬಳವನ್ನು ತೋರಿಸುತ್ತಾರೆ. ಪದವಿ ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು ತಾತ್ಕಾಲಿಕ ಪದವೀಧರ ವೀಸಾ ಇದೆ, ಇಂಥ ಸ್ನಾತಕ ಪದವಿಗೆ ಅದರ ಅವಧಿ ಸಾಮಾನ್ಯವಾಗಿ ಎರಡು ವರ್ಷ. ಅದು ಕೆಲಸದ ಭರವಸೆ ಅಲ್ಲ, ಶಾಶ್ವತ ವಾಸದ ಭರವಸೆಯಂತೂ ಅಲ್ಲವೇ ಅಲ್ಲ. ಆದ್ದರಿಂದ ನಾನು ಎಲ್ಲ ಕುಟುಂಬಗಳಿಗೂ ಹೇಳುವುದು ಇಷ್ಟು: ಮಗಳು ಬೆಂಗಳೂರಿಗೆ ಬಂದು ಮೊದಲ ಕೆಲಸ ಹಿಡಿದರೆ ಬರುವ ಸಂಬಳದಲ್ಲಿ, ಬಾಡಿಗೆ ಊಟ ಕಳೆದು, ಈ ಕಂತು ಕಟ್ಟಲು ಸಾಧ್ಯವೇ ಎಂದು ನೋಡಿ. ಸಾಧ್ಯವಿಲ್ಲವಾದರೆ ಸಾಲದ ಮೊತ್ತ ತಪ್ಪಾಗಿದೆ. ನಿಮಗೆ ಗೊತ್ತಿರುವ ನಾಲ್ಕು ಬಿಬಿಎ ಪದವೀಧರರನ್ನು ಕರೆದು ಅವರ ಮೊದಲ ಸಂಬಳ ಎಷ್ಟಿತ್ತೆಂದು ಕೇಳಿದರೆ ಉತ್ತರ ಸಿಗುತ್ತದೆ.

ಓದುವಾಗಲೇ ದುಡಿಯುತ್ತೇನೆ ಎಂಬ ಮಾತನ್ನೂ ಮಗಳು ಹೇಳಿರಬಹುದು. ಪಾಠ ನಡೆಯುವ ಅವಧಿಯಲ್ಲಿ ವಿದೇಶಿ ವಿದ್ಯಾರ್ಥಿಗಳು ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಬಹುದು, ರಜೆಯಲ್ಲಿ ಆ ಮಿತಿ ಇಲ್ಲ. ಆದ್ದರಿಂದಲೇ ಹೆಚ್ಚಿನವರು ರಜೆಯಲ್ಲಿ ದುಡಿದು ಕೂಡಿಡುತ್ತಾರೆ. ಈ ಪದವಿಯಲ್ಲಾದರೋ ರಜೆಯ ಒಂದು ಭಾಗವನ್ನು ಪಾಠವೇ ತಿನ್ನುತ್ತದೆ. ದುಡಿಮೆಯ ದಿನ ಕಡಿಮೆಯಾಗುತ್ತದೆ, ಊರಿಗೆ ಬಂದು ಹೋಗುವ ದಿನವೂ ಕಡಿಮೆಯಾಗುತ್ತದೆ. ಕೋರ್ಸಿನ ಪರಿಚಯ ಪುಸ್ತಿಕೆಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಅಪಾಯವನ್ನು ಹೇಳಲೇಬೇಕು. ಹಲವು ವಿಭಾಗಗಳಿಗೆ ಸೇರಿದ, ಯಾವ ವಿಭಾಗಕ್ಕೂ ಪೂರ್ತಿ ಸೇರದ ಇಂಥ ಕೋರ್ಸುಗಳು ವಿಶ್ವವಿದ್ಯಾಲಯಗಳು ಖರ್ಚು ಕಡಿತಕ್ಕೆ ಇಳಿದಾಗ ಮೊದಲು ಅಲುಗಾಡುತ್ತವೆ. 2025ರ ಆಗಸ್ಟ್‌ನಲ್ಲಿ ಇದೇ ವಿಶ್ವವಿದ್ಯಾಲಯ ನೂರಕ್ಕೂ ಹೆಚ್ಚು ಕೋರ್ಸುಗಳಿಗೆ ಹೊಸ ಪ್ರವೇಶವನ್ನು ತಾತ್ಕಾಲಿಕವಾಗಿ ತಡೆಹಿಡಿದಿತ್ತು. ಆದ್ದರಿಂದ ನಿಮ್ಮ ಮಗಳು ಸೇರಬೇಕೆಂದಿರುವ ವರ್ಷಕ್ಕೆ ಈ ಜೋಡಿ ಪದವಿಗೆ ಪ್ರವೇಶ ತೆರೆದಿದೆಯೇ, ನಡುವೆ ಕೋರ್ಸು ನಿಂತರೆ ಈಗಾಗಲೇ ಸೇರಿದವರಿಗೆ ಏನು ವ್ಯವಸ್ಥೆ ಎಂದು ವಿಶ್ವವಿದ್ಯಾಲಯಕ್ಕೇ ಇಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ಸಂಸ್ಥೆ ಕೋರ್ಸನ್ನು ಪೂರೈಸದಿದ್ದರೆ ವಿದೇಶಿ ವಿದ್ಯಾರ್ಥಿಗಳನ್ನು ಬೇರೆಡೆ ಸೇರಿಸುವ ಅಥವಾ ಉಳಿದ ಶುಲ್ಕ ಮರಳಿಸುವ ಸರ್ಕಾರಿ ವ್ಯವಸ್ಥೆ ಆಸ್ಟ್ರೇಲಿಯಾದಲ್ಲಿದೆ. ಆದರೆ ಅದು ಹಣವನ್ನು ಕಾಯುತ್ತದೆ, ಹೋದ ವರ್ಷವನ್ನು ತಂದುಕೊಡುವುದಿಲ್ಲ. ಏಜೆಂಟರ ಬಾಯಿಮಾತನ್ನು ಈ ವಿಷಯದಲ್ಲಿ ನಂಬಬೇಡಿ. ಅವರಲ್ಲಿ ಒಳ್ಳೆಯವರಿದ್ದಾರೆ, ಆದರೂ ಅವರಿಗೆ ಕಮಿಷನ್ ಕೊಡುವುದು ವಿಶ್ವವಿದ್ಯಾಲಯ.

ಹಾಗಾದರೆ ದಾವಣಗೆರೆಯ ಬಿಬಿಎ? ನೀವು ಕೇಳಿದಂತೆ ಇದನ್ನೇ ಅಲ್ಲಿ ಪಡೆಯಲಾಗುವುದಿಲ್ಲ, ಆದರೆ ಇದರಲ್ಲಿ ಬೆಲೆಯುಳ್ಳ ಭಾಗವನ್ನು ಕಟ್ಟಿಕೊಳ್ಳಬಹುದು. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಚಿತ್ರದುರ್ಗ ಜಿಲ್ಲೆಯೂ ಸೇರುತ್ತದೆ. ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಅದೇ ವರ್ಷದಿಂದ ಬಿಬಿಎ ಕೋರ್ಸುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಅನುಮೋದನೆಯ ಚೌಕಟ್ಟಿಗೂ ಬಂದಿವೆ. ಸೇರುವ ಕಾಲೇಜಿಗೆ ಆ ಅನುಮೋದನೆ ಇದೆಯೇ ಎಂದು ನೋಡಿಕೊಳ್ಳಿ. ನಮ್ಮ ತರಗತಿಗಳ ಕೊರತೆಯನ್ನು ನಾನು ಮುಚ್ಚಿಡುವುದಿಲ್ಲ: ಪಠ್ಯ ಮತ್ತು ಪರೀಕ್ಷೆಯ ಭಾರದಲ್ಲಿ ಕ್ಷೇತ್ರ ಕಾರ್ಯ ಬಹಳ ಸಲ ನಕಲು ಮಾಡಿದ ವರದಿಯಾಗಿ ಮುಗಿಯುತ್ತದೆ. ಮನಸ್ಸು ಮಾಡಿದ ವಿದ್ಯಾರ್ಥಿಗೆ ಅವಕಾಶ ಮಾತ್ರ ಇಲ್ಲೇ ಇದೆ. ನಿಮ್ಮ ಊರಿನಿಂದ ಮೊಳಕಾಲ್ಮೂರು ಎಷ್ಟು ದೂರ? ಭೌಗೋಳಿಕ ಗುರುತು ಪಡೆದ ಆ ರೇಷ್ಮೆ ಸೀರೆ ನೇಕಾರನ ಮಗ್ಗದಿಂದ ನಿಮ್ಮ ಅಂಗಡಿಯ ಕಪಾಟಿಗೆ ಬರುವವರೆಗೆ ಯಾರ ಕೈಯಲ್ಲಿ ಎಷ್ಟು ಬೆಲೆ ಏರುತ್ತದೆ, ನೂಲಿನ ಸಾಲ ಯಾರದು, ಗಿರಾಕಿ ಅಸಲಿ ನಕಲಿಯನ್ನು ಹೇಗೆ ಗುರುತಿಸುತ್ತಾಳೆ ಎಂದು ಮೂರು ವರ್ಷ ಹಿಂಬಾಲಿಸಿ ದಾಖಲಿಸಿದ ಹುಡುಗಿಯನ್ನು ಯಾವ ಸಂದರ್ಶಕರೂ ಹಗುರವಾಗಿ ಕಾಣಲಾರರು. ಆ ಮೇಲೆ ಒಂದೆರಡು ವರ್ಷ ಕೆಲಸ ಮಾಡಿ, ಎರಡು ವರ್ಷದ ಸ್ನಾತಕೋತ್ತರ ಓದಿಗೆ ವಿದೇಶಕ್ಕೆ ಹೋಗಬಹುದು. ಆಸ್ಟ್ರೇಲಿಯಾ ಮತ್ತು ಬ್ರಿಟನ್‌ನ ಅನೇಕ ವಿಶ್ವವಿದ್ಯಾಲಯಗಳು ನಮ್ಮ ಮೂರು ವರ್ಷದ ಪದವಿಯನ್ನು ಒಪ್ಪುತ್ತವೆ. ಖರ್ಚಿನ ವರ್ಷಗಳು ಅರ್ಧವಾಗುತ್ತವೆ, ಹೋಗುವವಳ ವಿವೇಚನೆಯೂ ಬಲಿತಿರುತ್ತದೆ. ದೇಶದಲ್ಲೇ ಮುಂದುವರಿಯುವುದಾದರೆ, ಮೂರು ವರ್ಷದ ಪದವಿ ಮುಗಿಸಿದವರು ಐಐಟಿ ಮುಂತಾದ ಕಡೆ ವಿನ್ಯಾಸದ ಸ್ನಾತಕೋತ್ತರ ಪ್ರವೇಶಕ್ಕೆ ನಡೆಯುವ ಸೀಡ್ ಪರೀಕ್ಷೆಯನ್ನು ಬರೆಯಬಹುದು.

ಒಂದು ವೇಳೆ ಆಕೆಯ ಒಲವು ಚಿತ್ರ ಮತ್ತು ವಿನ್ಯಾಸದ ಕಡೆಗೇ ಇದ್ದರೆ ದಾರಿ ಬೇರೆ. ವಾಣಿಜ್ಯ ವಿಭಾಗದವರೂ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಪ್ರವೇಶ ಪರೀಕ್ಷೆ ಮತ್ತು ವಿನ್ಯಾಸದ ಸ್ನಾತಕ ಪದವಿ ಪ್ರವೇಶಕ್ಕೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆ ಬರೆಯಬಹುದು. ಎರಡೂ ಡಿಸೆಂಬರ್, ಜನವರಿ ಹೊತ್ತಿಗೆ ನಡೆಯುವುದರಿಂದ ಪಿಯುಸಿ ಪರೀಕ್ಷೆಯ ತಯಾರಿಯೊಂದಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ, ಯುಸೀಡ್ ಮೂಲಕ ಸೀಟು ಕೊಡುವ ಪ್ರತಿ ಸಂಸ್ಥೆಯ ಅರ್ಹತಾ ನಿಯಮವನ್ನೂ ಪ್ರತ್ಯೇಕವಾಗಿ ಓದಬೇಕು. ದಾವಣಗೆರೆಯಲ್ಲೇ 1964ರಿಂದ ನಡೆದುಬಂದಿರುವ ದೃಶ್ಯಕಲಾ ಮಹಾವಿದ್ಯಾಲಯವಿದೆ. ಅದನ್ನು ಕಡಿಮೆ ಎಂದು ಭಾವಿಸದೆ, ಒಂದು ದಿನ ತಂದೆ ಮಗಳು ಇಬ್ಬರೂ ಹೋಗಿ ವಿದ್ಯಾರ್ಥಿಗಳ ಕೆಲಸ ನೋಡಿ ಬನ್ನಿ.

ಎರಡು ಪದವಿಗಳನ್ನು ಏಕಕಾಲದಲ್ಲಿ ಓದಲು ಯುಜಿಸಿ 2022ರ ಏಪ್ರಿಲ್‌ನಲ್ಲಿ ಅವಕಾಶ ಕೊಟ್ಟಿದೆ. ಒಂದನ್ನು ತರಗತಿಯಲ್ಲಿ, ಇನ್ನೊಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಓದಬಹುದು. ನಿಯಮ ಇದೆ ಎಂಬ ಕಾರಣಕ್ಕೆ ನಾನಿದನ್ನು ಶಿಫಾರಸು ಮಾಡಲಾರೆ. ಸಿಡ್ನಿಯ ಜೋಡಿ ಪದವಿಯಲ್ಲಿ ಎರಡು ಓದುಗಳನ್ನು ಒಂದೇ ವಿಶ್ವವಿದ್ಯಾಲಯ ಒಂದಕ್ಕೊಂದು ಹೊಂದಿಸಿರುತ್ತದೆ. ಇಲ್ಲಿ ಹೊಂದಿಸುವವರು ಯಾರೂ ಇಲ್ಲ, ಎರಡು ಪರೀಕ್ಷಾ ವೇಳಾಪಟ್ಟಿಗಳು ಮಾತ್ರ ಇರುತ್ತವೆ.

ನನ್ನ ತೀರ್ಮಾನವನ್ನು ಕೇಳಿದರೆ, ಒಂದೂವರೆ ಕೋಟಿಯಲ್ಲಿ ಬಹುಪಾಲು ಸಾಲವಿಲ್ಲದೆ ಹೊಂದುವ ಅಥವಾ ದೊಡ್ಡ ವಿದ್ಯಾರ್ಥಿವೇತನ ಸಿಗುವ ಕುಟುಂಬಕ್ಕೆ ಸಿಡ್ನಿಯ ಪದವಿ ಒಳ್ಳೆಯ ಆಯ್ಕೆ. ಅಂಗಡಿಯ ಕಟ್ಟಡವನ್ನು ಒತ್ತೆ ಇಟ್ಟು ಹದಿನೆಂಟರ ಹುಡುಗಿಯ ಹೆಗಲಿಗೆ ಹದಿನೈದು ವರ್ಷದ ಕಂತು ಹೊರಿಸಬೇಕಾದ ಕುಟುಂಬಕ್ಕೆ ಅಲ್ಲ. ಅಂಥವರಿಗೆ ಮೊದಲು ಇಲ್ಲಿ ಬಿಬಿಎ, ನಂತರ ಹೊರಗೆ ಸ್ನಾತಕೋತ್ತರ ಎಂಬ ಕ್ರಮವೇ ಸುರಕ್ಷಿತ. ಇದನ್ನು ನಿಮ್ಮ ಮಗಳ ಕನಸನ್ನು ಕುಗ್ಗಿಸಲು ಹೇಳುತ್ತಿಲ್ಲ. ವಾಸ್ತವವಾಗಿ, ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಆಕೆಯ ವಿಷಯವೇ. ನೀವು ಐದು ಚಿತ್ರಗಳ ಫೋಟೊ ಕಳಿಸಿ, ನೋಟ್‌ಬುಕ್ಕಿನ ಬಗ್ಗೆ ಒಂದೇ ವಾಕ್ಯ ಬರೆದು ಮುಂದೆ ಹೋದಿರಿ. ಚಿತ್ರಗಳು ಚೆನ್ನಾಗಿವೆ. ಆದರೆ ಕೊಂಡವರನ್ನು ಬಿಟ್ಟು, ಕೊಳ್ಳದೆ ಹೋದವರ ಲೆಕ್ಕ ಇಡಬೇಕೆಂದು ಆಕೆಗೆ ಯಾರೂ ಹೇಳಿಕೊಡದೆ ಹೊಳೆದಿದೆಯಲ್ಲ, ಈ ಓದಿಗೆ ಬೇಕಾದ ಗುಣ ಅದೇ.

ಆಸ್ಟ್ರೇಲಿಯಾದ ಶೈಕ್ಷಣಿಕ ವರ್ಷ ಶುರುವಾಗುವುದು ಫೆಬ್ರುವರಿ, ಮಾರ್ಚ್ ಹೊತ್ತಿಗೆ. ಪಿಯುಸಿ ಪರೀಕ್ಷೆ ಮುಗಿದ ಮೇಲೆ ನಿಮಗೆ ತಿಂಗಳುಗಳ ಸಮಯವಿದೆ, ಅದನ್ನು ಬಳಸಿಕೊಳ್ಳಿ. ಆ ನೋಟ್‌ಬುಕ್ಕಿನಿಂದ ಒಂದೇ ಒಂದು ಕಾರಣವನ್ನು ಆಕೆಯೇ ಆರಿಸಿಕೊಳ್ಳಲಿ. ಬಣ್ಣ ಸಿಗದೆ ಹೋದವರೋ, ಬೆಲೆ ಕೇಳಿ ಹೋದವರೋ, ಕೂರಲು ಜಾಗವಿಲ್ಲದೆ ಹೋದ ವಯಸ್ಸಾದವರೋ, ಯಾವುದಾದರೂ ಆಗಲಿ. ಅಂಗಡಿಯ ಒಂದು ಮೂಲೆಯನ್ನೂ ನಿಮ್ಮ ಶಕ್ತಿಗೆ ತಕ್ಕ ಒಂದು ಸಣ್ಣ ಮೊತ್ತವನ್ನೂ ಕೊಟ್ಟು ಮೂರು ತಿಂಗಳು ಬದಲಾವಣೆ ಮಾಡಿ ನೋಡಲು ಬಿಡಿ. ಖರ್ಚು ಎಷ್ಟು, ಎಷ್ಟು ಜನ ನಿಂತರು, ಎಲ್ಲಿ ಸೋತೆ ಎಂದು ಪ್ರತಿ ವಾರ ಬರೆದಿಡಲಿ. ಮೂರು ತಿಂಗಳಾದ ಮೇಲೂ ಆಕೆಗೆ ಈ ಕೆಲಸ ಬೇಸರ ತರದಿದ್ದರೆ, ಆ ಪುಟಗಳನ್ನೂ ಬ್ಯಾಂಕಿನವರು ಬರೆದುಕೊಟ್ಟ ಸಾಲದ ವಿವರವನ್ನೂ ತೆಗೆದುಕೊಂಡು ಇಬ್ಬರೂ ದಾವಣಗೆರೆಗೆ ಬನ್ನಿ, ಎದುರಿಗೆ ಕೂತು ಮುಂದಿನದನ್ನು ನಿರ್ಧರಿಸೋಣ.